ಮಾವ ಕೊಡೆ ಮರೆತು ಬರುವ ದಾರಿ

ನಮ್ಮ ಮಾವ ಪ್ರತಿ ಭಾನುವಾರ ಎಲ್ಲಿಗೂ ಹೋಗುವುದಿಲ್ಲ. ಆದರೂ ಹೋಗುತ್ತಾರೆ! ಒಬ್ಬರೇ ಅಲ್ಲ, ಹೆಂಡತಿ, ಮಗಳು, ಅಳಿಯ, ಮೊಮ್ಮಗಳು, ಆ ಹೊತ್ತಿಗೆ ಮನೆಯಲ್ಲಿ ಸಿಕ್ಕಿಬಿದ್ದ ನೆಂಟರು, ಯಾರೂ ಸಿಗದಿದ್ದರೆ ಕೊಟ್ಟಿಗೆಯ ಕರು, ಇವರನ್ನೆಲ್ಲ ಕಟ್ಟಿಕೊಂಡು ಹೋಗುತ್ತಾರೆ. ಎಲ್ಲಿಗೆ ಎಂದು ಕೇಳಿದಿರೋ, ನೀವೂ ಆ ಸಾಲಿನಲ್ಲಿ ಸೇರಿಕೊಂಡಿರಿ ಎಂದೇ ಅರ್ಥ!

ಈ ಮಾವ ನನಗೆ ಎರಡು ಬಗೆಯಲ್ಲಿ ಮಾವ. ನಮ್ಮವ್ವನ ತಮ್ಮ; ಅವರ ಮಗಳೇ ನನ್ನ ಹೆಂಡತಿ. ಒಂದು ಕಡೆಯಿಂದ ತಪ್ಪಿಸಿಕೊಂಡರೆ ಇನ್ನೊಂದು ಕಡೆಯಿಂದ ಹಿಡಿಯುತ್ತಾರೆ. ಅವರ ಊರು ಹಂಗಳದಿಂದ ಒಳಕ್ಕೆ, ಕಾಡಿನ ಅಂಚಿಗೆ ಹತ್ತಿರ. ನಾನು ಗುಂಡ್ಲುಪೇಟೆಯಲ್ಲಿ ಟೆಂಪೋ ಇಟ್ಟುಕೊಂಡಿದ್ದೇನೆ. ಹೂವು, ತರಕಾರಿ, ಬಾಳೆಗೊನೆ, ಅರಿಶಿನ, ಏನು ತುಂಬಿದರೂ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೇನೆ ಎಂದು ಕೇರಳದ ಗಡಿಯವರೆಗೂ ಹೆಸರಿದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಸ್ಟೇರಿಂಗು ಹಿಡಿದ ಮೇಲೆ ಯಾರ ಮುಂದೆಯೂ ಕೈ ಕಟ್ಟಿ ನಿಂತವನಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ನನ್ನ ಮಟ್ಟಿಗೆ ನಡೆಯುವುದು ಎಂದರೆ ಗಾಡಿ ಕೆಟ್ಟಾಗ ಮಾಡುವ ಕೆಲಸ. ಗಾಡಿ ಸರಿಯಾಗಿರುವಾಗ ಮನುಷ್ಯ ಯಾಕೆ ನಡೆಯಬೇಕು? ಅದೂ ಹೆಂಡತಿ ಮಕ್ಕಳ ಸಮೇತ? ಅದೂ ಎಲ್ಲಿಗೂ ಅಲ್ಲದೆ?

ನನಗೊಬ್ಬನಿಗೆ ಹೀಗೆ ಅನ್ನಿಸುತ್ತದೆ ಎಂದುಕೊಳ್ಳಬೇಡಿ. ನಮ್ಮ ಕಡೆ ದಾರಿಯಲ್ಲಿ ಯಾರೇ ಎದುರಾಗಲಿ, ಮೊದಲ ಮಾತು "ಎತ್ಲಾಗೆ?" ಅಂತ. ಚೆನ್ನಾಗಿದ್ದೀರಾ ಎಂದು ಆಮೇಲೆ ಬೇಕಾದರೆ ಕೇಳುತ್ತಾರೆ. ಇದಕ್ಕೆ ಉತ್ತರ ಇರಲೇಬೇಕು. ಹೊಲಕ್ಕೆ, ಸಂತೆಗೆ, ಬೀಗರ ಮನೆಗೆ, ಡೈರಿಗೆ ಹಾಲು ಹಾಕಲಿಕ್ಕೆ, ಏನಾದರೊಂದು. "ಸುಮ್ನೆ ನಡೀತಿದ್ದೀನಿ" ಅಂತ ಒಂದು ಸಲ ಹೇಳಿ ನೋಡಿ! ಸಂಜೆಯೊಳಗೆ ನಿಮ್ಮ ತಲೆ ಕೆಟ್ಟ ಸುದ್ದಿ ಊರೆಲ್ಲ ಸುತ್ತಿ, ನಿಮ್ಮ ಮನೆಗೇ ಬಂದು ನಿಮಗೇ ಹೇಳಿ ಹೋಗುತ್ತದೆ.

ಇಂಥ ಊರಿನಲ್ಲಿ ನಮ್ಮ ಅತ್ತೆಗೆ ಲಕ್ವ ಹೊಡೆಯಿತು.

ಅತ್ತೆ ಅಂದರೆ ಎಂಥ ನಡಿಗೆಯವರು ಗೊತ್ತೆ? ತಲೆಯ ಮೇಲೆ ಕುಕ್ಕೆ, ಕಂಕುಳಲ್ಲಿ ಮಗು, ಬಾಯಲ್ಲಿ ಎಲೆಅಡಿಕೆ. ಬದುವಿನ ಮೇಲೆ ಹೊರಟರೆ ಮಾವ ಹಿಂದಿನಿಂದ "ಅಮ್ಮೀ, ತಡಿಯಮ್ಮೀ" ಎಂದು ಓಡಬೇಕು. ತವರಿಗೆ ಹೋಗುವಾಗಲಂತೂ ಅವರನ್ನು ಬಸ್ಸಿನಲ್ಲಿ ಕೂರಿಸಿದವರೇ ಇಲ್ಲ. ಅಂಥವರಿಗೆ ಎಡಗಾಲು, ಎಡಗೈ ಎರಡೂ ಸೋತುಹೋದವು. ಔಷಧಿ ಕೊಟ್ಟು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ನಡೆಸಿ. ದಿನವೂ ನಡೆಸಿ. ಈಗ ಕೂತರೆ ಆ ಕಾಲು ಹಾಗೇ ಕೂತುಬಿಡುತ್ತದೆ."

ಅತ್ತೆ ಕೂತರು. ಮನೆಯ ಹೊಸಿಲು ದಾಟಲಿಲ್ಲ. ಮಗಳು ಅತ್ತಳು, ನಾನು ಬೈದೆ, ಮೊಮ್ಮಗಳು ಕೈ ಹಿಡಿದು ಎಳೆದಳು. ಊಹೂಂ.

"ಕಾಲೆಳ್ಕೊಂಡು ಓಗೋದ ಊರೋರೆಲ್ಲ ನಿಂತ್ಕೊಂಡು ನೋಡ್ಬೇಕಾ?" ಅಂದರು. "ಎತ್ಲಾಗಮ್ಮಿ ಅಂತ ಕೇಳುದ್ರೆ ಏನನ್ನನ? ಡಾಕ್ಟ್ರು ನಡಿ ಅಂದವ್ರೆ, ಅದ್ಕೇ ಬೀದಿ ಸುತ್ತೀನಿ ಅನ್ಲಾ? ಅದ್ಕಿಂತ ಇಲ್ಲೇ ಬಿದ್ದಿರ್ತೀನಿ ಬುಡು."

ಮಾವ ಜಗಲಿಯಲ್ಲಿ ಕೂತು ಕಾಲಾಡಿಸುತ್ತಿದ್ದರು. ಹೆಂಡತಿ ಹೀಗೆ ಬಿದ್ದಿರುವಾಗ ಇವರಿಗೆ ಚಿಂತೆಯೇ ಇಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಅದರ ಮುಂದಿನ ಶನಿವಾರವೇ ಅವರು ಕೊಡೆ ಮರೆತು ಬಂದದ್ದು.

ಆ ಕೊಡೆಯ ಬಗ್ಗೆ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಕರಿ ಬಟ್ಟೆಯ, ಬೆತ್ತದ ಹಿಡಿಯ, ಒಂದು ಮಗುವನ್ನು ಮಲಗಿಸುವಷ್ಟು ದೊಡ್ಡ ಕೊಡೆ. ಅತ್ತೆಯ ಅಪ್ಪ ಅಳಿಯನಿಗೆ ಅಂತ ಮದುವೆಯಲ್ಲಿ ಕೊಟ್ಟದ್ದು. ಅಳಿಯನಿಗೆ ಕೊಟ್ಟದ್ದಾದರೂ ಅದರ ಯಜಮಾನಿಕೆ ಅತ್ತೆಯದೇ. ಅದಕ್ಕೆ ಬಟ್ಟೆ ಹೊಸದು ಹಾಕಿಸಿದವರು ಅವರು, ಕಡ್ಡಿ ಕಟ್ಟಿಸಿದವರು ಅವರು, ಮಳೆಯಲ್ಲಿ ನೆಂದು ಬಂದರೆ ಮೊದಲು ಕೊಡೆ ಒರೆಸಿ ಆಮೇಲೆ ಗಂಡನಿಗೆ ಟವಲು ಕೊಡುತ್ತಿದ್ದವರು ಅವರು.

ಮರುದಿನ ಭಾನುವಾರ ನಾವು ಹೋಗುವ ಹೊತ್ತಿಗೆ ಮನೆಯಲ್ಲಿ ಜಗಳ ಕಾದಿತ್ತು.

"ಕೊಡೆ ಎಲ್ಲಿ?"

"ಎಲ್ಲೋ ಬುಟ್ಬುಟ್ಟೆ ಕಣಮ್ಮಿ."

"ಎಲ್ಲಿ ಬುಟ್ರಿ?"

"ಗ್ಯಾನ ಇಲ್ಲ ಕಣಮ್ಮಿ. ಆ ಕಡೆ ಎಲ್ಲೋ." ಮಾವ ಕೈಯನ್ನು ಒಂದು ಸುತ್ತು ತಿರುಗಿಸಿ ಇಡೀ ತಾಲ್ಲೂಕನ್ನು ತೋರಿಸಿದರು.

ನಾನು ಸಮಾಧಾನ ಮಾಡಲು ಹೋದೆ. "ಬಿಡಿ ಮಾವ, ಗುಂಡ್ಲುಪೇಟೆಯಲ್ಲಿ ಬಟನ್ ಒತ್ತಿದರೆ ಬಿಚ್ಚಿಕೊಳ್ಳುವ ಕೊಡೆ ಸಿಗುತ್ತದೆ, ನಾಳೆಯೇ ತರುತ್ತೇನೆ."

ಗಂಡ ಹೆಂಡತಿ ಇಬ್ಬರೂ ಒಂದೇ ಸಲ ನನ್ನ ಮೇಲೆ ಬಿದ್ದರು! "ನಿನ್ನ್ಯಾರ್ಲಾ ಕೇಳ್ದೋರು?" ಅಂತ ಮಾವ. "ನಮ್ಮಪ್ಪನ ಕೊಡೆಗೆ ಬಟನ್ ಕೊಡೆ ಸಮಾನವೇನಪ್ಪ?" ಅಂತ ಅತ್ತೆ. ಅತ್ತೆಯೇ ಮುಂದುವರಿಸಿದರು: "ಇವ್ರು ನಿನ್ನೆ ಉಳ್ಳಿ ಒಲದಿಂದ ಬಂದದ್ದು. ಬರುವಾಗ ಉಣ್ಸೆಮರದ ನೆಳ್ಳಲ್ಲಿ ಕೂತ್ಕೊಳ್ದೆ ಬರೋ ಆಸಾಮಿ ಅಲ್ಲ. ಅಲ್ಲೇ ಬುಟ್ಟಿರ್ತಾರೆ. ಇವ್ರನ್ನ ಕಳ್ಸುದ್ರೆ ಟವಲ್ಲೂ ಅಲ್ಲೇ ಬುಟ್ಟು ಬತ್ತಾರೆ. ಎಲ್ಲಿ, ನನ್ ಕೋಲ್ ಕೊಡು."

ಹಾಗೆ ಹೊಸಿಲು ದಾಟಿದರು ನಮ್ಮ ಅತ್ತೆ.

ಹುಣಸೆಮರ ದೂರವೇನಲ್ಲ, ಊರ ಹೊರಗಿನ ಬಂಡಿ ಜಾಡಿನಲ್ಲಿ ಹೋದರೆ ಒಂದು ಬೀಡಿ ಸೇದುವಷ್ಟು ಹೊತ್ತು. ಆದರೆ ಅಂದು ಆ ಬೀಡಿ ಉರಿದೇ ಉರಿಯಿತು. ಮುಂದೆ ಮಾವ. ಹಿಂದೆ ಕೋಲೂರಿಕೊಂಡು ಅತ್ತೆ, ಅವರ ರಟ್ಟೆ ಹಿಡಿದು ನನ್ನ ಹೆಂಡತಿ. ಅವರ ಹಿಂದೆ ನಾನು, ನನ್ನ ಮಗಳು, ಕರು. ಯಾರೂ ಮಾತಾಡುತ್ತಿಲ್ಲ. ಅತ್ತೆ ಬೀಳುತ್ತಾರೇನೋ ಎಂಬ ಹೆದರಿಕೆಗೆ ಎಲ್ಲರ ಮುಖವೂ ಸಪ್ಪಗಿದೆ. ಈ ಮೆರವಣಿಗೆ ಊರು ದಾಟುವುದನ್ನು ಕಂಡವರು ಏನೆಂದುಕೊಂಡಿರಬೇಕು, ನೀವೇ ಹೇಳಿ!

ಅರಳಿಕಟ್ಟೆಯ ಮೇಲಿದ್ದ ಗುರುಮಲ್ಲಪ್ಪ, ದಿನಾ ಎಲ್ಲರನ್ನೂ ಎತ್ಲಾಗೆ ಎಂದು ಕೇಳುವುದೇ ಉದ್ಯೋಗವಾಗಿರುವ ಮನುಷ್ಯ, ಅಂದು ಕೇಳಲೇ ಇಲ್ಲ. ಸಾವಿಗೆ ಹೊರಟವರನ್ನು ಎತ್ಲಾಗೆ ಎಂದು ಕೇಳಬಾರದಲ್ಲ! ಸುಮ್ಮನೆ ಎದ್ದು, ಟವಲನ್ನು ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿ ಕರುವಿನ ಹಿಂದೆ ಸೇರಿಕೊಂಡರು. ಅವರು ಸೇರಿದ್ದನ್ನು ಕಂಡು ಇನ್ನಿಬ್ಬರು ಸೇರಿದರು. ಹೆಂಗಸರು ಒಲೆ ಆರಿಸಿ ಬಂದರು. ಒಬ್ಬರು ಆಗಲೇ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಯಾರಿಗಾಗಿ ಅಳುತ್ತಿದ್ದೇನೆಂದು ಗೊತ್ತಿಲ್ಲದೆ ಅಳುವುದು ಎಷ್ಟು ಕಷ್ಟದ ಕೆಲಸ, ಯೋಚನೆ ಮಾಡಿ! ದಾರಿಯ ಪಕ್ಕದಲ್ಲಿ ಚೆಂಡುಹೂವು ಕೀಳುತ್ತಿದ್ದವನು ಕೈಯಲ್ಲಿದ್ದ ಕೆಲಸ ಬಿಟ್ಟು, ತೋಳುದ್ದದ ಹಾರ ಪೋಣಿಸಿಕೊಂಡು ಓಡಿ ಬಂದ.

ಹುಣಸೆಮರ ಬಂತು. ಕೆಳಗಿನ ಕೊಂಬೆಯಲ್ಲಿ ಕೊಡೆ ತೂಗುತ್ತಿತ್ತು. ಎಲ್ಲರೂ ಅದರ ಸುತ್ತ ನಿಂತರು. ಗಾಳಿಗೆ ಕೊಡೆ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ತಿರುಗಿತು.

ಗುರುಮಲ್ಲಪ್ಪ ಮೆಲ್ಲಗೆ ನನ್ನ ಕಿವಿಯಲ್ಲಿ, "ಯಾರ್ಲಾ ತೀರ್ಕೊಂಡದ್ದು?" ಅಂದರು.

"ಯಾರೂ ಇಲ್ಲ. ಕೊಡೆ ತೆಗೆದುಕೊಂಡು ಹೋಗಲು ಬಂದೆವು."

ಅವರ ಮುಖ ನೋಡಬೇಕಿತ್ತು! ಹಾರ ಹಿಡಿದವನಂತೂ ಮುಂದಕ್ಕೂ ಹೋಗಲಾರ, ಹಿಂದಕ್ಕೂ ಹೋಗಲಾರ. ಮಾವ ಅವನ ಕೈಯಿಂದ ಹಾರವನ್ನು ಮರ್ಯಾದೆಯಾಗಿ ಇಸಿದುಕೊಂಡು ಕೊಡೆಯ ಕೊರಳಿಗೆ ಹಾಕಿದರು! "ತಂದದ್ದ ವಾಪಸ್ ಒಯ್ಬಾರ್ದು ಕಣಪ್ಪ" ಅಂದರು. ಸೆರಗಿನಲ್ಲಿ ಮೂಗೊರೆಸಿಕೊಂಡಿದ್ದ ಹೆಂಗಸು ಮೊದಲು ನಕ್ಕಳು. ಆಮೇಲೆ ಎಲ್ಲರೂ. ಕಾಯಿಲೆ ಬಿದ್ದ ಮೇಲೆ ಅತ್ತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಯಿ ಒಂದು ಕಡೆಗೆ ಸ್ವಲ್ಪ ಸೊಟ್ಟಗಿತ್ತು. ಆದರೆ ನಗು ನೆಟ್ಟಗಿತ್ತು.

ಅಲ್ಲಿಂದ ಮುಂದೆ ಮಾವನ ಮರೆವು ಏರುತ್ತ ಹೋಯಿತು. ಬುಧವಾರ ಟವಲು. ಶುಕ್ರವಾರ ಎಲೆಚೀಲ. ಭಾನುವಾರ ಮಾತ್ರ ತಪ್ಪದೆ ಕೊಡೆ. ಅದೂ ಯಾವಾಗಲೂ ಹಿಂದಿನ ವಾರಕ್ಕಿಂತ ಒಂದಿಷ್ಟು ಆಚೆಗೆ! ಹುಣಸೆಮರದಿಂದ ಬಾಳೆ ತೋಟದ ಮೂಲೆಗೆ, ಅಲ್ಲಿಂದ ಕೆರೆ ಏರಿಗೆ. ಅತ್ತೆ ಬೈದುಕೊಂಡೇ ಹೊರಡುತ್ತಿದ್ದರು. ಗುರುಮಲ್ಲಪ್ಪ ಕಟ್ಟೆಯ ಮೇಲಿನಿಂದ "ಎತ್ಲಾಗೆ?" ಅನ್ನುವ ಮೊದಲೇ, "ಕೊಡೆ ತರಕ್ಕೆ ಕಣಪ್ಪ! ನಿಮ್ಮಣ್ಣನ ಬುದ್ದಿ ಗೊತ್ತಲ್ಲ!" ಎಂದು ತಲೆಯೆತ್ತಿ ಹೇಳಿ ಮುಂದೆ ಹೋಗುತ್ತಿದ್ದರು. ಉತ್ತರ ಇತ್ತಲ್ಲ, ಇನ್ನೇತರ ನಾಚಿಕೆ?

ಆ ಭಾನುವಾರಗಳನ್ನು ಈಗ ನೆನೆದರೆ ನಾನು ನಡೆದದ್ದೋ ನಿದ್ದೆಯಲ್ಲಿ ಕಂಡದ್ದೋ ಎಂದು ಅನುಮಾನವಾಗುತ್ತದೆ. ಗಾಡಿಯ ಗಾಜಿನ ಆಚೆಗೆ ದಿನವೂ ಓಡಿ ಹೋಗುತ್ತಿದ್ದ ಹೊಲಗಳು ನಾನು ನಡೆದಾಗ ನಿಂತುಬಿಟ್ಟವು. ಸೂರ್ಯಕಾಂತಿ ಅರಳಿದ ಕಾಲ. ಬಂಡಿ ಜಾಡಿನ ಎರಡೂ ಕಡೆ ಆಳೆತ್ತರದ ಹೂಗಳು, ಯಾರೋ ಬರುತ್ತಾರೆಂದು ಕಾದು ನಿಂತ ಜನರ ಹಾಗೆ, ಎಲ್ಲ ಒಂದೇ ಕಡೆಗೆ ಮುಖ ಮಾಡಿಕೊಂಡು. ಅದರಾಚೆ ಚೆಂಡುಹೂವಿನ ಹೊಲ, ಬೆಂಕಿಯಿಲ್ಲದೆ ಉರಿಯುವ ನೆಲ. ಅದರಾಚೆ ಅರಿಶಿನದ ಎಲೆಗಳ ಹಸಿ ವಾಸನೆ. ಅದರಾಚೆ ಕಾಡಿನ ಕಪ್ಪು ಗೆರೆ, ಅದರ ಮೇಲೆ ಗೋಪಾಲಸ್ವಾಮಿ ಬೆಟ್ಟ. ಬೆಟ್ಟಕ್ಕೆ ಆಗಾಗ ನಾಚಿಕೆಯಾಗಿ ಮಂಜನ್ನು ಎಳೆದುಕೊಳ್ಳುತ್ತಿತ್ತು, ಮತ್ತೆ ಸರಿಸಿ ಇಣುಕುತ್ತಿತ್ತು. ಎಲ್ಲೋ ನವಿಲು ಕೂಗಿದರೆ ನನ್ನ ಮಗಳು ನಿಂತುಬಿಡುವಳು. ಅವಳು ನಿಂತರೆ ಕರು ನಿಲ್ಲುವುದು. ಕರು ನಿಂತರೆ ನಾವೂ ನಿಲ್ಲುವುದು. ಮೋಡದ ನೆರಳು ಹೊಲದ ಮೇಲೆ ನಮಗಿಂತ ಬೇಗ ನಡೆದು ಹೋಗುತ್ತಿತ್ತು. ಯಾರಿಗೂ ಅವಸರವಿರಲಿಲ್ಲ. ನನಗೂ! ಸೋಮವಾರ ಬೆಳಗ್ಗೆ ಮೂರು ಕಡೆ ಲೋಡು ಇದೆ ಎಂಬುದು ಬಾಳೆ ತೋಟದ ಮೂಲೆಗೆ ಬರುವ ಹೊತ್ತಿಗೆ ಮರೆತುಹೋಗುತ್ತಿತ್ತು. ಮಾವನ ಮರೆವು ಅಂಟುರೋಗವೇ ಇರಬೇಕು.

ದಾರಿಯುದ್ದಕ್ಕೂ ಮಾವನ ಕತೆಗಳು. ಅಲ್ಲಲ್ಲಿ ಒಂದೊಂದು ಚಪ್ಪಟೆ ಕಲ್ಲು. ಕಲ್ಲು ಬಂತೆಂದರೆ ಮಾವ ಕೂರುವರು, "ಕೂತ್ಕಳಿ, ಇಲ್ಲೊಂದು ಇಸ್ಯ ಐತೆ" ಅನ್ನುವರು. ಈ ಕಲ್ಲಿನ ಮೇಲೆ ಒಬ್ಬ ಪಾಳೇಗಾರ ಕೂತು ಹೆಂಡತಿಗೆ ಹೆದರಿ ಮನೆಗೆ ಹೋಗದೆ ರಾತ್ರಿ ಕಳೆದನಂತೆ. ಆ ಕಲ್ಲಿನ ಮೇಲೆ ಆನೆಯೊಂದು ಬೆನ್ನು ಉಜ್ಜಿ ಉಜ್ಜಿ ಚಪ್ಪಟೆ ಮಾಡಿತಂತೆ. ಮುಂದಿನ ವಾರ ಪಾಳೇಗಾರ ಆನೆಯ ಕಲ್ಲಿಗೆ ಬಂದಿರುತ್ತಿದ್ದ, ಆನೆ ಪಾಳೇಗಾರನ ಹೆಂಡತಿಯನ್ನು ಹೊತ್ತಿರುತ್ತಿತ್ತು!

ಒಂದು ವಾರ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ತಾತ, ಹೋದ ವಾರ ಈ ಕಲ್ಲು ಇಲ್ಲಿರಲೇ ಇಲ್ಲ. ಅಲ್ಲಿ, ಬೇವಿನ ಮರದ ಹತ್ತಿರ ಇತ್ತು."

"ಕಲ್ಲೂ ನಡೀತವೆ ಕಣಮ್ಮಿ."

"ಕಲ್ಲು ಎಲ್ಲಾದರೂ ನಡೆಯುತ್ತಾ?"

"ನಿಮ್ಮಜ್ಜಿ ನಡೀತಾಳೆ, ಕಲ್ಲಿಗೇನು ರೋಗ?"

ಅತ್ತೆ ಕೋಲಿನಿಂದ ಒಂದು ಕೊಟ್ಟರು. ಎಡಗಾಲಿನ ಮೇಲೆ ಭಾರ ಹಾಕಿ ನಿಂತುಕೊಂಡೇ ಕೊಟ್ಟರು. ಅದನ್ನು ಅವರು ಗಮನಿಸಲಿಲ್ಲ. ಮಾವ ಗಮನಿಸಿದರು, ಮೊಣಕಾಲು ಉಜ್ಜಿಕೊಳ್ಳುತ್ತ ನಗುತ್ತಿದ್ದರು.

ಹೊತ್ತು ಮುಳುಗುವ ಮೊದಲು ಮಾತ್ರ ಯಾರು ಏನೇ ಹೇಳಲಿ ಮಾವ ಎಲ್ಲರನ್ನೂ ತಿರುಗಿಸಿಬಿಡುತ್ತಿದ್ದರು. "ಆನೆಗೂ ಎಂಡ್ತಿ ಮಕ್ಳ ಕರ್ಕೊಂಡು ತಿರುಗಾಡ್ಬೇಕು ಅಂತ ಆಸೆ ಇರ್ತದೆ ಕಣ್ಲಾ. ಅವ್ರ ಒತ್ನಲ್ಲಿ ನಾವು ಅಡ್ಡ ಓಗ್ಬಾರ್ದು. ಮರ್ವಾದೆ ಅಲ್ಲ."

ಕೇರಳದವರ ಕತೆ ಹೇಳದಿದ್ದರೆ ನನ್ನ ಹೆಂಡತಿ ಬೈಯುತ್ತಾಳೆ. ಹೂವಿನ ಕಾಲದಲ್ಲಿ ನಮ್ಮ ಕಡೆಯ ರೋಡಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಗೆ ಲೆಕ್ಕವಿಲ್ಲ. ಒಂದು ಭಾನುವಾರ ಅಂಥದೇ ಒಂದು ಸಂಸಾರ ದಾರಿ ತಪ್ಪಿ ಬಂಡಿ ಜಾಡಿಗೆ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ನಮ್ಮ ಸಾಲನ್ನು ನೋಡಿ ಆ ಗಂಡ ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ, "ಚೇಟ್ಟಾ, ಇದು ಗೈಡ್ ಇರುವ ಟೂರಾ? ಟಿಕೆಟ್ ಎಲ್ಲಿ?" ಎಂದು ಕೇಳಿದ.

ಮಾವ ಹರೆಯದಲ್ಲಿ ವಯನಾಡಿನಲ್ಲಿ ಶುಂಠಿ ಕಿತ್ತವರು. ಮಲಯಾಳ ಬರುತ್ತದೆ ಎಂದು ಅವರ ನಂಬಿಕೆ. ಆ ನಂಬಿಕೆಯಲ್ಲೇ ಅರ್ಧ ಗಂಟೆ ಮಾತಾಡಿದರು. ಏನು ಹೇಳಿದರೋ ದೇವರಿಗೇ ಗೊತ್ತು, ಆ ಸಂಸಾರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಹಿಂದೆ ಕೆರೆ ಏರಿಯವರೆಗೂ ಬಂತು! ಪಾಳೇಗಾರನ ಕತೆಗೆ ಕಣ್ಣರಳಿಸಿತು. ಅವರ ಅಜ್ಜಿಯೂ ನಮ್ಮ ಅತ್ತೆಯೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಎಲೆಅಡಿಕೆ ಹಂಚಿಕೊಂಡು, ಮಂಡಿ ನೋವು, ಸೊಸೆಯಂದಿರು ಎಲ್ಲವನ್ನೂ ಮಾತಾಡಿ ಮುಗಿಸಿದರು. ಕೊನೆಗೆ ಆತ ಎಲ್ಲರನ್ನೂ ಸೂರ್ಯಕಾಂತಿಯ ನಡುವೆ ನಿಲ್ಲಿಸಿ ಫೋಟೋ ತೆಗೆಯುವಾಗ, ಕೋಲು ಚೆನ್ನಾಗಿ ಕಾಣುವುದಿಲ್ಲ ಎಂದು ಅತ್ತೆ ತಾವೇ ಅದನ್ನು ಪಕ್ಕಕ್ಕೆ ಎಸೆದರು. ಕೋಲಿಲ್ಲದೆ ನಿಂತರು. ಆತ "ಒಂದು ನಿಮಿಷ, ಒಂದು ನಿಮಿಷ" ಎನ್ನುತ್ತ ಫೋನಿನೊಳಗೆ ಏನೋ ಹುಡುಕುತ್ತಲೇ ಇದ್ದ. ಅತ್ತೆ ನಿಂತೇ ಇದ್ದರು. ಹೊರಡುವಾಗ ಆತ ಇಷ್ಟು ತಿರುಗಾಡಿಸಿದ್ದಕ್ಕೆ ಏನು ಕೊಡಬೇಕು ಅಂದ. "ಮುಂದಿನ ವರ್ಸ ಬಂದ್ರೆ ಬಾಳೆಕಾಯಿ ಚಿಪ್ಸು ತತ್ತಾ" ಅಂದರು ಮಾವ.

ಈ ಮರೆವಿನ ಗುಟ್ಟು ನನಗೆ ತಿಳಿದದ್ದು ಹೂವಿನ ಲೋಡಿಗೆ ಹೋದಾಗ. ಶನಿವಾರ ಸಂಜೆ, ಕೆರೆಯ ಪಕ್ಕದ ಹೊಲದಲ್ಲಿ ಚೆಂಡುಹೂವಿನ ಮೂಟೆ ತುಂಬಿಸುತ್ತ ನಿಂತಿದ್ದೆ. ಕೆರೆ ಏರಿಯ ಮೇಲೆ ಒಬ್ಬ ಮನುಷ್ಯ ಬರುತ್ತಿದ್ದ. ಎಡಗಾಲು ಎಳೆಯುತ್ತಿದ್ದ. ನಾಲ್ಕು ಹೆಜ್ಜೆ, ನಿಲ್ಲುವುದು. ನಾಲ್ಕು ಹೆಜ್ಜೆ, ನಿಲ್ಲುವುದು. ನೋಡುತ್ತೇನೆ, ನಮ್ಮ ಮಾವ! ಇವರಿಗೂ ಲಕ್ವ ಹೊಡೆಯಿತೇ? ಮೂಟೆ ಅಲ್ಲೇ ಬಿಟ್ಟು ಓಡಿದೆ.

"ಮಾವಾ! ಏನಾಯ್ತು ಮಾವಾ?"

"ಥೂ, ಮೆತ್ಗೆ ಬಾರ್ಲಾ! ಊರ್ಗೆಲ್ಲ ಕೇಳಂಗೆ ಕೂಗ್ಬ್ಯಾಡ." ಮಾವ ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತರು. "ನಂಗೇನಾಗದೆ? ನಿಮ್ಮತ್ತೆ ಕಾಲು ಎಲ್ಲಿ ಸೋಲ್ತದೆ ಅಂತ ನೋಡ್ತಿದ್ದೆ. ಎಳ್ಕೊಂಡು ನಡುದ್ರೆ ತಾನೇ ಗೊತ್ತಾಗೋದು? ಇಗೋ, ಇಲ್ಲಿ ಸೋಲ್ತದೆ." ಹಾಗೆಂದು ಬೇಲಿಯ ಪಕ್ಕ ಬಿದ್ದಿದ್ದ ಒಂದು ಚಪ್ಪಟೆ ಕಲ್ಲನ್ನು ತೋರಿಸಿದರು. "ಇಡ್ಕೊ ಒಂದ್ಕಡೆ. ಇಲ್ಲಿಗೆ ಉಳ್ಳುಸ್ಬೇಕು."

ನಾನೂ ಹಿಡಿದೆ. ಪಾಳೇಗಾರ ಕೂತಿದ್ದ ಕಲ್ಲು! ಇಬ್ಬರೂ ಉಸಿರು ಕಟ್ಟಿ ಉರುಳಿಸಿ ನೆರಳಿಗೆ ತಂದೆವು. ಅಲ್ಲಾಡುತ್ತದೇನೋ ಎಂದು ಮಾವ ಕೂತು ನೋಡಿ, ಎದ್ದು, ಕೆಳಗೆ ಒಂದು ಸಣ್ಣ ಕಲ್ಲು ಕೊಟ್ಟು, ಮತ್ತೆ ಕೂತು ನೋಡಿದರು. ಆಮೇಲೆ ಏರಿಯ ಕೊನೆಯ ಬೇವಿನ ಮರಕ್ಕೆ ಹೋಗಿ, ಗಾಳಿಗೆ ಬೀಳದ ಕೊಂಬೆ ಹುಡುಕಿ, ಕೊಡೆ ನೇತು ಹಾಕಿ, ಅದರ ಹಿಡಿಗೆ ದಾರ ಸುತ್ತಿ ಗಂಟು ಹಾಕಿದರು. ಹಸುವಿನ ಹಗ್ಗಕ್ಕೆ ಹಾಕುವ ಗಂಟು. ಎಳೆದಷ್ಟೂ ಬಿಗಿಯುವುದು, ಬಿಚ್ಚಬೇಕಾದರೆ ಒಂದು ಎಳೆಯನ್ನು ಹಿಂದಕ್ಕೆ ತಳ್ಳಬೇಕು. ನಮ್ಮ ಮಾವನ ಕೊಟ್ಟಿಗೆಯದೇ ವಿದ್ಯೆ ಅದು.

"ಅತ್ತೆಗೆ ಗೊತ್ತಾದ್ರೆ?" ಅಂದೆ.

"ಗೊತ್ತಾದ್ರೆ ನಿಂತೋಯ್ತದೆ ಎಲ್ಲ. ಅವಳ ಸ್ವಭಾವ ಗೊತ್ತಲ್ಲ, ಕನಿಕರ ಕಂಡ್ರೆ ಆಗಲ್ಲ. ಯೋಳ್ಬ್ಯಾಡ ಕಣ್ಲಾ." ಆಮೇಲೆ ಕೆರೆಯಾಚೆಯ ದಿಣ್ಣೆಯ ಕಡೆ ಕೈ ತೋರಿಸಿದರು. ದಿಣ್ಣೆಯ ಮೇಲೆ ಬಸವಣ್ಣನ ಪುಟ್ಟ ಗುಡಿಯಿದೆ. ಅಲ್ಲಿ ನಿಂತರೆ ಆಚೆ ಕಡೆ ಅತ್ತೆಯ ತವರೂರಿನ ತೆಂಗಿನ ತಲೆಗಳು ಕಾಣುತ್ತವೆ. "ಅಲ್ಲೀಗಂಟ ಓಗ್ಬುಟ್ರೆ ಸಾಕು. ಆಮ್ಯಾಕೆ ಅವಳ ಕಾಲಿಗೆ ಅವಳೇ ಉತ್ರ ಯೋಳ್ಕೋತಾಳೆ."

ನಾನು ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಲೋಡು ತಡವಾಗಿ ಮುಟ್ಟಿತು. ಯಾಕೆ ಎಂದು ಕೇಳಿದವರಿಗೂ ಹೇಳಲಿಲ್ಲ.

ಹುರುಳಿ ಕೊಯ್ಲಿನ ಕಾಲಕ್ಕೆ ಕೊಡೆ ದಿಣ್ಣೆ ಹತ್ತಿತು. ಅದರ ಹಿಂದೆಯೇ ಅತ್ತೆಯೂ ಹತ್ತಿದರು. ಗುಡಿಯ ಮುಂದಿನ ಕಂಬಕ್ಕೆ ತೂಗುಬಿದ್ದಿದ್ದ ಕೊಡೆಯನ್ನು ಅವರು ನೋಡಲೇ ಇಲ್ಲ. ದಿಣ್ಣೆಯ ಆಚೆ ಅಂಚಿಗೆ ಹೋಗಿ ನಿಂತರು. ದೂರದಲ್ಲಿ ತೆಂಗಿನ ಮರಗಳು ಮಂಜಿನ ಮೇಲೆ ತೇಲುತ್ತಿದ್ದವು, ಬೇರಿಲ್ಲದವುಗಳ ಹಾಗೆ. ಅತ್ತೆ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿದರು. ಎಡಗೈಯ ಬೆರಳುಗಳು ಬಲಗೈಯಷ್ಟು ನೆಟ್ಟಗಾಗಿರಲಿಲ್ಲ. ಬಸವಣ್ಣನಿಗೋ ತವರಿಗೋ, ಯಾರಿಗೆ ಕೈ ಮುಗಿದರೆಂದು ನಾವು ಕೇಳಲಿಲ್ಲ. ಇಳಿಯುವಾಗ ಮಾವನಿಗಿಂತ ಮುಂದಿದ್ದರು. "ಅಮ್ಮೀ, ತಡಿಯಮ್ಮೀ" ಎಂದು ಮಾವ ಹಿಂದಿನಿಂದ ಕೂಗಿದರು. ಎಷ್ಟು ಕಾಲದ ಮೇಲೆ ಕೂಗಿದರೋ! ಆ ಕೂಗಿನಲ್ಲಿ ಮದುವೆ ಗಂಡಿನ ಕಳೆಯಿತ್ತು.

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಈ ವರ್ಷ ಮಳೆ ಹಿಡಿದ ಮೇಲೆ ಮಾವನಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ಬಿಟ್ಟು ಹೋಯಿತು. ಕೀಲು ನೋವು ಬಿಡಲಿಲ್ಲ. ಎದ್ದರೆ ಅಯ್ಯೋ, ಕೂತರೆ ಅಯ್ಯೋ. ಬೆರಳು ಮಡಿಚಿದರೆ ಬಿಡಿಸಲಾಗದು. ವೈದ್ಯರು ಇವರಿಗೂ ಅದೇ ಮಾತು ಹೇಳಿದರು: ಸ್ವಲ್ಪ ಸ್ವಲ್ಪ ನಡೀರಿ. ಮಾವ ಕಂಬಳಿ ಹೊದ್ದು ಜಗಲಿಯ ಮೂಲೆ ಹಿಡಿದರು. "ನಡ್ದದ್ದೆಲ್ಲ ಆಯ್ತು ಬುಡಪ್ಪ" ಅಂದರು. ಭಾನುವಾರ ನಾವು ಹೋದರೆ ಮೊಮ್ಮಗಳಿಗೆ ಕತೆಯಿಲ್ಲ. ಪಾಳೇಗಾರ ಸತ್ತ, ಆನೆ ಕಾಡಿಗೆ ಹೋಯಿತು. ಕೊಡೆ ಒಳಗೆ ಗೂಟಕ್ಕೆ ನೇತುಬಿದ್ದು ಧೂಳು ಹಿಡಿಯಿತು. ಇಡೀ ಊರಿಗೆ ಸುಳ್ಳು ಕಟ್ಟಿ ಹೆಂಡತಿಯನ್ನು ನಡೆಸಿದ ಮನುಷ್ಯನಿಗೆ ತನಗಾಗಿ ಒಂದು ಸುಳ್ಳು ಕಟ್ಟಿಕೊಳ್ಳಲು ಬರಲಿಲ್ಲ!

ಹೋದ ಭಾನುವಾರದ ಮಾತು. ಊಟವಾಗಿತ್ತು. ಅತ್ತೆ ಎಲ್ಲಿಗೋ ಹೋಗಿದ್ದವರು ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಕೂತರು. ಸೊಂಟ ತಡವಿಕೊಂಡರು. ಮತ್ತೆ ತಡವಿಕೊಂಡರು.

"ಅಯ್ಯೋ ಶಿವನೇ, ನನ್ ಎಲೆಚೀಲ ಬುಟ್ಟು ಬಂದ್ಬುಟ್ನಲ್ಲ!"

"ನಾನು ತರುತ್ತೇನೆ ಅತ್ತೆ" ಎಂದು ಎದ್ದೆ.

"ನಿಂಗೆ ಗೊತ್ತಾಗಲ್ಲ ಕಣಪ್ಪ, ಕೂತ್ಕೊ."

ಮಾವ ಕಂಬಳಿಯೊಳಗಿನಿಂದ, "ಎಲ್ಲಿ ಬುಟ್ಟೆ?" ಅಂದರು.

"ಗ್ಯಾನ ಇಲ್ಲ ಕಣ್ರಿ. ಆ ಕಡೆ ಎಲ್ಲೋ." ಅತ್ತೆ ಕೈಯನ್ನು ಒಂದು ಸುತ್ತು ತಿರುಗಿಸಿದರು. ಮುಖ ಮಾತ್ರ ಬೀದಿಯ ಕಡೆಗಿತ್ತು.

ಮಾವ ಅವರನ್ನೇ ನೋಡಿದರು. ಆಮೇಲೆ ಕಂಬಳಿ ಸರಿಸಿದರು. "ಚಪ್ಲಿ ಎಲ್ಲಿ?" ಅಂದರು. ನನ್ನ ಮಗಳು ಓಡಿ ಹೋಗಿ ಚಪ್ಪಲಿಯ ಜೊತೆ ಕೊಡೆಯನ್ನೂ ತಂದಳು.

ಮಾವ ಕೊಡೆಯೂರಿಕೊಂಡು, ನನ್ನ ಹೆಗಲು ಹಿಡಿದು ಹೊರಟರು. ಅರಳಿಕಟ್ಟೆಯ ಮೇಲಿನಿಂದ ಗುರುಮಲ್ಲಪ್ಪ, "ಏನಣ್ಣ, ಎತ್ಲಾಗೆ?" ಅಂದರು.

"ಎಲೆಚೀಲ ತರಕ್ಕೆ ಕಣ್ಲಾ! ನಿಮ್ಮತ್ತಿಗೆ ಬುದ್ದಿ ಗೊತ್ತಲ್ಲ!"

ಹುಣಸೆಮರ ಬಂತು. ಕೆಳಗಿನ ಕೊಂಬೆಯಲ್ಲಿ ಎಲೆಚೀಲ ತೂಗುತ್ತಿತ್ತು. ಬುಡದಲ್ಲಿ ಒಂದು ಚಪ್ಪಟೆ ಕಲ್ಲು ಇತ್ತು. ಅದನ್ನು ಯಾರ ಕೈಲಿ ಉರುಳಿಸಿದ್ದರೋ, ಉರುಳಿದ ಗುರುತು ಹಸಿ ಮಣ್ಣಿನಲ್ಲಿ ಇನ್ನೂ ಹಾಗೇ ಇತ್ತು. ಮಾವ ಅದರ ಮೇಲೆ ಕೂತು ಸುಧಾರಿಸಿಕೊಂಡರು. ಎದ್ದು ಚೀಲಕ್ಕೆ ಕೈ ಹಾಕಿದರು. ದಾರಕ್ಕೆ ಗಂಟು ಬಿದ್ದಿತ್ತು. ಹಸುವಿನ ಹಗ್ಗಕ್ಕೆ ಹಾಕುವ ಗಂಟು. ಎಳೆದಷ್ಟೂ ಬಿಗಿಯುವುದು. ಬೆರಳು ಪೂರ್ತಿ ನೆಟ್ಟಗಾಗದ ಅತ್ತೆಯ ಆ ಎಡಗೈಯಲ್ಲಿ ಅದನ್ನು ಹಾಕಲು ಎಷ್ಟು ಹೊತ್ತು ಹಿಡಿಯಿತೋ.

ಮಾವನ ಬೆರಳುಗಳೂ ಮಾತು ಕೇಳುತ್ತಿರಲಿಲ್ಲ. ಬಿಚ್ಚಿ ಕೊಡಲಾ ಎಂದು ನಾನು ಕೇಳಲಿಲ್ಲ. ಸೂರ್ಯಕಾಂತಿ ಹೊಲದ ಕಡೆ ತಿರುಗಿ ನಿಂತೆ. ಗಾಳಿ ಬೀಸಿದಾಗ ಹೂಗಳೆಲ್ಲ ಒಟ್ಟಿಗೆ ತಲೆದೂಗಿದವು.

"ನೋಡ್ದೇನ್ಲಾ" ಅಂದರು ಮಾವ ಹಿಂದಿನಿಂದ. ಬಿಚ್ಚಿದ ಚೀಲ ಅವರ ಕೈಯಲ್ಲಿತ್ತು.

ಎಲೆಚೀಲವನ್ನು ಎದೆಗೆ ಒತ್ತಿಕೊಂಡು ಮನೆ ಮುಟ್ಟಿದರು. ಆಮೇಲೆ ನೋಡಿದರೆ ಕೊಡೆ ಹುಣಸೆಮರದ ಹತ್ತಿರವೇ ಉಳಿದಿತ್ತು. ಈ ಸಲ ನಿಜವಾಗಿಯೂ ಮರೆತರೋ ಏನೋ, ನಾನು ಕೇಳಲಿಲ್ಲ.